ಡಾಕ್ಟ್ರಮ್ಮನ ಇದ್ದಿಲು ಕಾರು

ನಮ್ಮ ಮನೆಯ ಕಿಟಕಿಯ ಕೆಳಗೇ ಇಸ್ತ್ರಿಯವನೊಬ್ಬ ಹೊಸದಾಗಿ ಗಾಡಿ ನಿಲ್ಲಿಸಿಕೊಂಡಿದ್ದಾನೆ. ಬೆಳಿಗ್ಗೆ ಅವನು ಪೆಟ್ಟಿಗೆಗೆ ಇದ್ದಿಲು ತುಂಬಿ ಊದತೊಡಗಿದರೆ, ಇನ್ನೂ ಪೂರ್ತಿ ಹೊತ್ತಿಕೊಳ್ಳದ ಇದ್ದಿಲಿನ ಆ ಹಸಿ ವಾಸನೆ ನೇರವಾಗಿ ನನ್ನ ಕೋಣೆಗೆ ಬರುತ್ತದೆ. ಮೊದಲ ದಿನವೇ ಹೊರಗೆ ಹೋಗಿ, “ಗಾಡಿ ಸ್ವಲ್ಪ ಆ ಕಡೆ ತಳ್ಕೊಳಪ್ಪ” ಅಂದೆ.

“ಏನಜ್ಜಿ, ಇಷ್ಟು ಹೊಗೆಗೇ ಹೆದರ್ಕೊಂಡ್ರಾ?” ಅಂತ ನಕ್ಕ. ಒಳ್ಳೆಯ ಹುಡುಗ, ತಳ್ಳಿಕೊಂಡ. ಆದರೂ ನಾನು ಒಳಗೆ ಬಂದು ಕಿಟಕಿ ಮುಚ್ಚಿ ಚಿಲಕ ಹಾಕಿದೆ. ಆ ವಾಸನೆಯ ಹಿಂದೆ ಒಂದು ಇಡೀ ವರ್ಷ ಇದೆ. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಗೆ ಕೂಪನ್ನು ಬಂದ ವರ್ಷ.

ಆಗ ನಾನು ಶ್ರೀನಿವಾಸಪುರದ ಆಸ್ಪತ್ರೆಯಲ್ಲಿ ಮಿಡ್‌ವೈಫ್ ಆಗಿದ್ದೆ. ಆಸ್ಪತ್ರೆ ಅಂದರೆ ಹಂಚಿನ ಮಾಡಿನ ಎರಡು ಕೋಣೆ, ಮುಂದೊಂದು ಜಗಲಿ, ಅಂಗಳದಲ್ಲಿ ಒಂದು ಮಾವಿನ ಮರ. ಕೋಲಾರದಲ್ಲಿ ತರಬೇತಿ ಮುಗಿಸಿ ಬಂದು ಹೆಚ್ಚು ದಿನವಾಗಿರಲಿಲ್ಲ. ಆ ಸಂಕ್ರಾಂತಿ ಕಳೆದ ಮೇಲೆ ತಾರಾಬಾಯಿಯವರು ಲೇಡಿ ಡಾಕ್ಟರಾಗಿ ಅಲ್ಲಿಗೆ ಬಂದರು. ಮೂವತ್ತರ ಆಸುಪಾಸಿನ ವಯಸ್ಸು, ಎತ್ತರದ ಆಳು, ಗಂಡಸರು ಹಾಕುವಂಥ ದಪ್ಪ ಚಪ್ಪಲಿ. ಮದುವೆಯಾಗಿರಲಿಲ್ಲ. ಅವರ ತಂದೆ ಮೈಸೂರಿನಲ್ಲಿ ಯಾರೋ ದೊಡ್ಡವರ ಮನೆಯಲ್ಲಿ ಕಾರು ಡ್ರೈವರಂತೆ. ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ. “ನನಗೆ ಓದು ಕಲಿಸಿದ್ದು ಸ್ಕೂಲು, ಸ್ಟೇರಿಂಗ್ ಹಿಡಿಯೋದು ಕಲಿಸಿದ್ದು ನಮ್ಮಪ್ಪ” ಅನ್ನುತ್ತಿದ್ದರು.

ಅವರು ಬಂದ ಹೊಸದರಲ್ಲೇ ಆಂಧ್ರದ ಗಡಿ ಕಡೆಯ ಹಳ್ಳಿಯೊಂದರಿಂದ ಬಸುರಿಯೊಬ್ಬಳನ್ನು ಎತ್ತಿನ ಗಾಡಿಯಲ್ಲಿ ತಂದರು. ಬೆಳಗಿನ ಜಾವ ಹೊರಟವರು ನಮ್ಮ ಅಂಗಳ ಸೇರುವಾಗ ಬಿಸಿಲು ಇಳಿಯುತ್ತಿತ್ತು. ತಾರಾಬಾಯಿ ಗಾಡಿಗೆ ಹತ್ತಿ, ಹುಲ್ಲಿನ ಮೇಲೆ ಮಂಡಿಯೂರಿ ಕೂತು ನಾಡಿ ನೋಡಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಆಮೇಲೆ ಅವಳ ಮುಖದ ಮೇಲೆ ಸೆರಗೆಳೆದು ಇಳಿದರು.

“ಮಧ್ಯಾಹ್ನ ಬಂದಿದ್ರೆ ಉಳೀತಿದ್ಲು” ಅಂದರು. ಅಷ್ಟೇ. ಆ ರಾತ್ರಿ ಊಟಕ್ಕೂ ಬರಲಿಲ್ಲ.

ಮುಂದಿನ ಭಾನುವಾರ ಬಸ್ಸು ಹಿಡಿದು ಚಿನ್ನದ ಗಣಿಯ ಕಡೆಗೆ ಹೋದವರು, ವಾಪಸು ಬಂದದ್ದು ಕಾರು ನಡೆಸಿಕೊಂಡು. ಗಣಿಯ ಇಂಗ್ಲಿಷ್ ಎಂಜಿನಿಯರೊಬ್ಬ ಸೈನ್ಯಕ್ಕೆ ಹೊರಟಿದ್ದನಂತೆ. ಪೆಟ್ರೋಲು ಸಿಗದ ಕಾಲದಲ್ಲಿ ಅವನ ಸ್ಪೋರ್ಟ್ಸ್ ಕಾರನ್ನು ಕೇಳುವವರೇ ಇರಲಿಲ್ಲ, ಇವರಿಗೆ ಸಿಕ್ಕಿತು. ಕಡುನೀಲಿ ಬಣ್ಣ, ಉದ್ದ ಮೂತಿ, ಚೋಟುದ್ದದ ಹಿಂಭಾಗ. ಎರಡೇ ಸೀಟು, ತಲೆಯ ಮೇಲೆ ಛಾವಣಿಯಿಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ ಹಾಗೆ ಕಾಣುತ್ತಿತ್ತು. ಸದ್ದಂತೂ ಪೇಟೆ ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಊರೆಲ್ಲ ಬಂದು ನೋಡಿತು. ಹೆಂಗಸರು ಬಾಗಿಲ ಮರೆಯಿಂದ ನೋಡಿ, “ಈಯಮ್ಮ ರೇಸಿಗೆ ಹೋಗ್ತಾರಾ, ಹೆರಿಗೆಗೆ ಹೋಗ್ತಾರಾ?” ಅಂದರು.

ಮೊದಲ ಸಲ ಹಳ್ಳಿಯ ದಾರಿಗೆ ಇಳಿಸಿದಾಗಲೇ ಅದರ ಹೊಟ್ಟೆ ಗಾಡಿಜಾಡಿನ ನಡುವಿನ ದಿಬ್ಬಕ್ಕೆ ಬಡಿದು ಎಣ್ಣೆಯೆಲ್ಲ ಸುರಿದುಹೋಯಿತು. ಎತ್ತು ಕಟ್ಟಿ ಎಳೆಸಿಕೊಂಡು ಬಂದೆವು. ಹಾಗೆ ನಾವು ಮುಳಬಾಗಿಲಿನ ರಸೂಲ್ ಸಾಬರ ಶೆಡ್ಡಿಗೆ ಹೋದದ್ದು.

ರಸೂಲ್ ಸಾಬರದು ಮದ್ರಾಸ್ ರಸ್ತೆಯ ಮಗ್ಗುಲಲ್ಲಿ ತಗಡಿನ ಶೆಡ್ಡು. ಗೋರಂಟಿ ಹಚ್ಚಿದ ಗಡ್ಡ, ಮಾತು ಬಹಳ. ಜೀವನವೆಲ್ಲ ಲಾರಿ ಬಸ್ಸು ರಿಪೇರಿ ಮಾಡಿದವರಿಗೆ ಇಂಥ ಕಾರು ಕೈಗೆ ಸಿಕ್ಕಿದ್ದು ಅದೇ ಮೊದಲು. ಬಾನೆಟ್ಟು ಎತ್ತಿ ನೋಡಿದವರು ತುಂಬ ಹೊತ್ತು ತಲೆಯೆತ್ತಲಿಲ್ಲ.

“ಎರಡು ಕಾರ್ಬರೇಟರು ಅಮ್ಮಾ! ಒಂದಲ್ಲ, ಎರಡು! ಇದನ್ನ ಸರಿಯಾಗಿ ಕೂರಿಸಿಕೊಟ್ರೆ ಗಣಿ ದೊರೆಗಳ ಕಾರೆಲ್ಲ ನಿಮ್ಮ ಹಿಂದೆ ಧೂಳು ಕುಡೀಬೇಕು.”

ಅವರ ಹತ್ತಿರ ಮದ್ರಾಸಿನ ಅಂಗಡಿಯೊಂದರ ಬಿಡಿಭಾಗಗಳ ಚಿತ್ರದ ಪುಸ್ತಕವಿತ್ತು. ಇಬ್ಬರೂ ಬೆಂಚಿನ ಮೇಲೆ ಅದನ್ನು ಹರವಿಕೊಂಡು ಕೂತರು. ರಸೂಲ್ ಸಾಬರ ಬೆರಳು ಹೊಳೆಯುವ ಪೈಪುಗಳ ಮೇಲೆ, ವೇಗ ಹೆಚ್ಚಿಸುವ ಪಿಸ್ಟನ್ನುಗಳ ಮೇಲೆ ಓಡಾಡುತ್ತಿತ್ತು. ತಾರಾಬಾಯಿ ಕೇಳಿದ್ದೇ ಬೇರೆ.

“ಇದನ್ನ ಎತ್ತರ ಮಾಡೋಕೆ ಆಗುತ್ತಾ?”

“ಎತ್ತರ?” ರಸೂಲ್ ಸಾಬರಿಗೆ ಕೇಳಿದ್ದು ಸರಿಯೋ ಅಂತ ಅನುಮಾನ. “ಇದು ತಗ್ಗಿರೋದರಿಂದಲೇ ತಿರುವಿನಲ್ಲಿ ನೆಲ ಕಚ್ಚಿಕೊಂಡು ಹೋಗೋದು. ಲಾರಿ ಸ್ಪ್ರಿಂಗಿನ ಪಟ್ಟಿ ಸೇರಿಸಿ ಎತ್ತಿದ್ರೆ ಮಗುಚಿಕೊಳ್ಳುತ್ತೆ.”

“ನಿಧಾನವಾಗಿ ಹೋಗ್ತೀನಿ.”

ರಸೂಲ್ ಸಾಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ತಾರಾಬಾಯಿ ಎಷ್ಟು ನಿಧಾನವಾಗಿ ಹೋಗುತ್ತಾರೆ ಅನ್ನುವುದು ಅವರ ಪಕ್ಕ ಕೂತು ಬಂದ ನನಗೆ ಗೊತ್ತಿತ್ತು.

ಕೊನೆಗೆ ಎತ್ತರ ಮಾಡಿದರು, ಆದರೆ ಅವರು ಕೇಳಿದ್ದರಲ್ಲಿ ಅರ್ಧ ಮಾತ್ರ. ಎಂಜಿನ್ನಿನ ಹೊಟ್ಟೆಗೆ ದಪ್ಪ ತಗಡು ಹೊಡೆದರು. ಎಡಗಡೆಯ ಸೀಟು ಕಿತ್ತು, ಮುಂದಿನಿಂದ ಹಿಂದಿನ ತುದಿಯವರೆಗೆ ಒಂದು ಹಲಗೆ ಕೂರಿಸಿದರು. ಅದರ ಮೇಲೆ ಹಾಸಿಗೆ ಹಾಕಿದರೆ ಒಬ್ಬ ಬಸುರಿ ಮಲಗಬಹುದು. ಅವಳ ತಲೆಯ ಪಕ್ಕದ ಸಂದಿಯಲ್ಲಿ ಒಂದು ಪೆಟ್ಟಿಗೆಯ ಮೇಲೆ ನಾನು ಮುದುಡಿಕೊಂಡು ಕೂರಬೇಕು. ಸದ್ದು ಅಡಗಿಸಬೇಕೆಂದು ತಾರಾಬಾಯಿ ಹಟ ಹಿಡಿದರೆ ರಸೂಲ್ ಸಾಬರು ಮಾತ್ರ ಸುತರಾಂ ಒಪ್ಪಲಿಲ್ಲ. “ಆ ಸದ್ದು ಇರ್ಲಿ ಅಮ್ಮಾ. ಎತ್ತಿನ ಗಾಡಿಯವರಿಗೆ ಫರ್ಲಾಂಗ್ ದೂರದಿಂದಲೇ ಕೇಳುತ್ತೆ, ದಾರಿ ಬಿಡ್ತಾರೆ.” ಆ ಮಾತಿಗೆ ಅವರು ಸೋತರು. ಅದು ಸರಿಯೂ ಆಗಿತ್ತು.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಕಾರಿನ ಸದ್ದು ಕೇಳಿದರೆ ಹಳ್ಳಿಯವರು ತಾವೇ ದಾರಿಯ ಕಲ್ಲು ತೆಗೆದಿಟ್ಟು ನಿಲ್ಲುವ ಮಟ್ಟಕ್ಕೆ ಬಂತು. ಆಮೇಲೆ ಪೆಟ್ರೋಲಿನ ಕೂಪನ್ನು ಕಡಿಮೆಯಾಯಿತು, ಮತ್ತೆ ಕಡಿಮೆಯಾಯಿತು. ಮಾವು ಕಾಯಿ ಕಟ್ಟುವ ಹೊತ್ತಿಗೆ ಕಾರು ಅಂಗಳದ ಮರದ ಕೆಳಗೆ ನಿಂತುಬಿಟ್ಟಿತು. ಬಸ್ಸುಗಳೆಲ್ಲ ಆಗಲೇ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದವು. ದೊಡ್ಡ ಡ್ರಮ್ಮಿನಂಥ ಒಲೆ. ಅದರಲ್ಲಿ ಇದ್ದಿಲು ಉರಿಸಿ, ಬರುವ ಗ್ಯಾಸನ್ನು ಪೈಪಿನಲ್ಲಿ ಎಂಜಿನ್ನಿಗೆ ಎಳೆಯುವುದು. ಹೊರಡುವ ಮುಂಚೆ ಕೈಯಿಂದ ಗಾಳಿಯ ಚಕ್ರ ತಿರುಗಿಸಿ ಕೆಂಡ ಮಾಡಿಕೊಳ್ಳಬೇಕು. ತಾರಾಬಾಯಿ ಒಂದು ದಿನ ಜಗಲಿಯಲ್ಲಿ ಕೂತು ಅಂಥದೊಂದು ಬಸ್ಸನ್ನೇ ನೋಡುತ್ತಿದ್ದರು. ನನಗೆ ಗೊತ್ತಾಗಿಹೋಯಿತು.

ರಸೂಲ್ ಸಾಬರು ಕಿವಿ ಮುಚ್ಚಿಕೊಂಡರು. “ತೋಬಾ ತೋಬಾ! ಕುದುರೆಗೆ ಬೂದಿ ಬುಟ್ಟಿ ಹೊರಿಸ್ತೀರಾ ಅಮ್ಮಾ? ಅರ್ಧ ಶಕ್ತಿ ಹೋಗುತ್ತೆ. ಏರು ಬಂದ್ರೆ ಎಮ್ಮೆ ಹಂಗೆ ನಿಂತ್ಕೊಳ್ಳುತ್ತೆ.”

“ಈಗ ನಿಂತೇ ಇದೆಯಲ್ಲ ಸಾಬ್ರೇ” ಅಂದರು ತಾರಾಬಾಯಿ.

ಮಾಲೂರಿನ ಬಸ್ ಮಾಲೀಕರೊಬ್ಬರ ಹತ್ತಿರ ಒಂದು ಒಲೆ ಇತ್ತು. ನೋಡಿಕೊಂಡು ಬಂದೆವು. ಅದನ್ನು ಹೊರಿಸಿದರೆ ನಮ್ಮ ಕಾರು ಹಿಂದಕ್ಕೆ ಕುಕ್ಕರುಗಾಲಲ್ಲಿ ಕೂರುತ್ತಿತ್ತು. ಕೊನೆಗೆ ಕೋಲಾರದ ತಗಡು ಕೆಲಸದವರಿಂದ ಚಿಕ್ಕದೊಂದನ್ನು ಮಾಡಿಸಿದರು. ಅದನ್ನು ಕೂರಿಸಲು ಹಿಂದಿದ್ದ ಪೆಟ್ರೋಲ್ ಟ್ಯಾಂಕನ್ನು ತೆಗೆಯಬೇಕಾಯಿತು. ಬದಲಿಗೆ ಬಾನೆಟ್ಟಿನ ಹತ್ತಿರ ಒಂದು ಪುಟ್ಟ ತಗಡಿನ ಟ್ಯಾಂಕು ಇಟ್ಟರು, ಚಾಲೂ ಮಾಡುವುದಕ್ಕೆ ಮತ್ತು ಕಡಿದಾದ ಏರು ಹತ್ತುವುದಕ್ಕೆ ಮಾತ್ರ.

ಉಳಿದದ್ದು ಒಂದು ಜೋಡಣೆ. ಒಲೆಯ ಪೈಪು, ಕಾರಿನ ಉದ್ದಕ್ಕೆ ಹೋಗುವ ಪೈಪು, ಇವೆರಡನ್ನೂ ಸೇರಿಸುವ ಮೆತ್ತನೆಯ ಕೊಳವೆ. ಸರಿಯಾದ ರಬ್ಬರು ಯುದ್ಧದಿಂದಾಗಿ ಎಲ್ಲೂ ಇರಲಿಲ್ಲ. ಮದ್ರಾಸಿನಿಂದ ಬಾಗುವಂಥ ತಾಮ್ರದ ಕೊಳವೆ ತರಿಸಬಹುದು, ಆದರೆ ಯಾವಾಗ ಬರುತ್ತದೋ ಹೇಳಲಾಗದು. ಇಲ್ಲವೇ ಸೈಕಲ್ ಟ್ಯೂಬನ್ನು ಪದರ ಪದರವಾಗಿ ಸುತ್ತಿ ಬಟ್ಟೆ ಬಿಗಿಯಬಹುದು.

“ಟ್ಯೂಬು ಸೋರಿದ್ರೆ?” ತಾರಾಬಾಯಿ ಕೇಳಿದರು.

“ಎಂಜಿನ್ ಓಡ್ತಾ ಇರೋವಾಗ ಅದು ಒಳಕ್ಕೇ ಎಳ್ಕೊಳ್ಳುತ್ತೆ ಅಮ್ಮಾ. ಹೊರಕ್ಕೆ ಬರೋದಿಲ್ಲ” ಅಂದರು ರಸೂಲ್ ಸಾಬರು. ಅದು ನಿಜ.

ತಾರಾಬಾಯಿ ನನ್ನ ಕಡೆ ತಿರುಗಿದರು. “ನೀನೇನಂತೀಯ ಸರಸಾ? ಕಾಯೋಣ್ವಾ?”

ಆ ವಾರ ದಿನ ತುಂಬಿದವರು ಯಾರ್‍ಯಾರು, ಯಾವ ಹಳ್ಳಿಯವರು ಅಂತ ನನಗೆ ಬಾಯಿಪಾಠವಿತ್ತು. “ಕಾಯೋದು ಬೇಡಮ್ಮ” ಅಂದೆ. ಹಾಗೆ ಆ ಟ್ಯೂಬನ್ನು ಆರಿಸಿದ್ದು ನಾವು ಮೂವರೂ. ಎಂಜಿನ್ನು ಓಡದೆ ನಿಂತಿರುವಾಗ ಏನಾಗುತ್ತದೆ ಅಂತ ಯಾರೂ ಕೇಳಲಿಲ್ಲ.

ಜೂನ್ ತಿಂಗಳು ಹುಟ್ಟಿತ್ತು. ಮಳೆ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದು ಕಾದು ಜನ ಬೇಸತ್ತಿದ್ದರು. ಮಾವಿನ ತೋಪುಗಳಲ್ಲಿ ಗಾಳಿಯೇ ಇಲ್ಲ. ಆ ಬೆಳಿಗ್ಗೆ ರಾಯಲ್ಪಾಡಿನಿಂದ ಒಬ್ಬ ರೈತ ಸೈಕಲ್ ತುಳಿದುಕೊಂಡು ಬಂದ. ನಾರಾಯಣಪ್ಪ ಅಂತ, ಇಪ್ಪತ್ತೈದರ ಪ್ರಾಯ. ಅಂಗಿ ಬೆನ್ನಿಗೆ ಅಂಟಿಹೋಗಿತ್ತು. ಕನ್ನಡವೂ ತೆಲುಗೂ ಒಂದರೊಳಗೊಂದು ಸೇರಿ ಬರುತ್ತಿತ್ತು.

“ಡಾಕ್ಟ್ರಮ್ಮಾ, ನನ್ನ ಹೆಂಡ್ತಿ ವೆಂಕಟಮ್ಮಂಗೆ ನಿನ್ನೆಯಿಂದ ನೋವು. ಬಿಡ್ಡ ಅಡ್ಡ ತಿರಿಗಿದೆ ಅಂತ ಸೂಲಗಿತ್ತಿ ಮುದುಕಿ ಹೇಳ್ತಾವ್ಳೆ. ಮೊದಲನೇ ಬಿಡ್ಡ ಅಮ್ಮಾ…”

ಒಲೆ ಹೊತ್ತಿಸಿ, ಅವನ ಸೈಕಲ್ಲನ್ನು ಜಗಲಿಯಲ್ಲಿ ಬಿಡಿಸಿ, ಅವನನ್ನು ಕಾರಿನ ಪಕ್ಕದ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಹೊರಟೆವು. ಏರುಗಳಲ್ಲಿ ಕಾರು ತೆವಳಿತು. ಒಂದು ಕಡೆ ನಾರಾಯಣಪ್ಪ ಹಾರಿ ಇಳಿದು ತಳ್ಳಿದ. ತಾರಾಬಾಯಿ ತುಟಿ ಕಚ್ಚಿಕೊಂಡು ಕೂತಿದ್ದರು. ಪೆಟ್ರೋಲಿನ ನಲ್ಲಿಯ ಮೇಲೆ ಕೈಯಿಟ್ಟು, ಮತ್ತೆ ತೆಗೆದರು. ವಾಪಸು ಬರುವುದಕ್ಕೆ ಬೇಕಿತ್ತು.

ವೆಂಕಟಮ್ಮ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಗುಂಗುರು ಕೂದಲು, ಚಿಕ್ಕ ಮುಖ. ಕೂಗಿ ಕೂಗಿ ದನಿ ಹೋಗಿತ್ತು. ಮುದುಕಿ ಹೇಳಿದ್ದು ಸರಿಯಾಗಿತ್ತು, ಮಗು ಅಡ್ಡಡ್ಡ ಇತ್ತು. ತಾರಾಬಾಯಿ ತಿರುಗಿಸಲು ನೋಡಿದರು, ಸಾಧ್ಯವಾಗಲಿಲ್ಲ.

“ಆಪರೇಷನ್ ಆಗ್ಬೇಕು. ಕೋಲಾರಕ್ಕೆ ಹೋಗಲೇಬೇಕು” ಅಂದರು.

ವೆಂಕಟಮ್ಮನ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. “ಆ ನಿಪ್ಪುಲ ಬಂಡಿಯಲ್ಲಾ? ಬೆಂಕಿ ಗಾಡಿಯಲ್ಲಿ ಬಸುರಿನ ಮಲಗಿಸ್ತಾರಾ? ವದ್ದು ತಲ್ಲಿ, ಬೇಡ.”

“ಬೇಡ ಅಂದ್ರೆ ಇಲ್ಲೇ ಇರ್ತೀನಮ್ಮ” ಅಂದರು ತಾರಾಬಾಯಿ. “ಆದ್ರೆ ಇಲ್ಲಿ ನನ್ನ ಕೈಲಿ ಏನೂ ಆಗಲ್ಲ. ಇವಳು ಹೋಗೋದನ್ನ ನಿಮ್ಮ ಜೊತೆ ಕೂತು ನೋಡ್ತೀನಿ, ಅಷ್ಟೇ.”

ಅತ್ತೆ ಪಕ್ಕಕ್ಕೆ ಸರಿದಳು. ನಾರಾಯಣಪ್ಪ ಹೆಂಡತಿಯನ್ನು ಎತ್ತಿಕೊಂಡು ಬಂದು ಹಲಗೆಯ ಮೇಲೆ ಮಲಗಿಸಿದ.

ಶ್ರೀನಿವಾಸಪುರದಲ್ಲಿ ಇದ್ದಿಲು ತುಂಬಲು ನಿಂತಾಗ ನಾನು ವೆಂಕಟಮ್ಮನ ಹೊಟ್ಟೆಯ ಮೇಲೆ ಮರದ ಕಿವಿಗೊಳವೆಯಿಟ್ಟು ಕೇಳಿದೆ. ಮಗುವಿನ ಎದೆಬಡಿತ ಇತ್ತು. ದಣಿದ ಬಡಿತ, ಆದರೂ ಇತ್ತು. ತಾರಾಬಾಯಿಯೂ ಬಗ್ಗಿ ಕೇಳಿಸಿಕೊಂಡರು. “ಹೊರಡೋಣ” ಅಂದರು, ದನಿಯಲ್ಲಿ ಸ್ವಲ್ಪ ಧೈರ್ಯ ಬಂದಿತ್ತು.

ಊರು ದಾಟುವಾಗಲೇ ಮೋಡ ಕಪ್ಪಾಗಿತ್ತು. ಗಾಳಿ ಎದ್ದು, ರಸ್ತೆಯ ಕೆಂಪು ಧೂಳೆಲ್ಲ ಮುಖಕ್ಕೆ ಬಂತು. ಆಮೇಲೆ ಒಮ್ಮೆಲೇ ಮಳೆ. ನಾನೂ ನಾರಾಯಣಪ್ಪನೂ ಸೇರಿ ಹಲಗೆಯ ಮೇಲೆ ಟಾರ್ಪಾಲು ಎಳೆದು ನಾಲ್ಕೂ ಕಡೆ ಬಿಗಿದೆವು. ಅದರ ಒಳಗೆ ವೆಂಕಟಮ್ಮ, ಅವಳ ತಲೆಯ ಪಕ್ಕ ನಾನು. ಕಾರು ಒಂದು ಹಳ್ಳಕ್ಕೆ ಇಳಿಯಿತು. ರಸ್ತೆಯ ಮೇಲೆಯೇ ಕೆನ್ನೀರು ಹರಿಯುತ್ತಿತ್ತು. ದಾಟುತ್ತ ದಾಟುತ್ತ ಎಂಜಿನ್ನು ಎರಡು ಸಲ ಕೆಮ್ಮಿ ನಿಂತುಹೋಯಿತು.

ಅವರಿಬ್ಬರೂ ತಳ್ಳಿ ಆಚೆ ದಡಕ್ಕೆ ತಂದರು. ತಾರಾಬಾಯಿ ಬಾನೆಟ್ಟು ಎತ್ತಿ ಸೆರಗಿನಿಂದ ಪ್ಲಗ್ಗುಗಳನ್ನು ಒರೆಸತೊಡಗಿದರು. “ನಾರಾಯಣಪ್ಪ, ಕೆಂಡ ಆರೋಕೆ ಬಿಡಬೇಡ. ಚಕ್ರ ತಿರುಗಿಸ್ತಾ ಇರು!” ಅಂತ ಕೂಗಿದ್ದು ಟಾರ್ಪಾಲಿನ ಒಳಗೆ ನನಗೆ ಕೇಳಿಸಿತು. ಅವನು ತಿರುಗಿಸಿದ. ಮಳೆಯ ಸದ್ದಿನ ನಡುವೆಯೂ ಆ ಚಕ್ರದ ಗುಂಯ್ ಅನ್ನುವ ದನಿ ಕೇಳುತ್ತಿತ್ತು. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ತಿರುಗಿಸುತ್ತಿದ್ದಾನೆ ಅಂತ ಸದ್ದಿನಿಂದಲೇ ಗೊತ್ತಾಗುತ್ತಿತ್ತು.

ಒಳಗೆ ಬೆಚ್ಚಗಿತ್ತು. ಇದ್ದಿಲಿನ ಹಸಿ ವಾಸನೆ ಲಘುವಾಗಿ ಇತ್ತು, ಆದರೆ ಅದು ಯಾವಾಗಲೂ ಇರುತ್ತಿದ್ದದ್ದೇ. ನನಗೆ ತಲೆ ಭಾರವಾಯಿತು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ವೆಂಕಟಮ್ಮ ನರಳುವುದು ನಿಲ್ಲಿಸಿದ್ದಳು. ಪಾಪ, ಸ್ವಲ್ಪ ನಿದ್ದೆ ಬಂತು ಅಂತ ನನಗೆ ಸಮಾಧಾನವೇ ಆಯಿತು. ಅವಳ ಕೆನ್ನೆ ಕೆಂಪಗೆ ಚೆನ್ನಾಗಿ ಕಾಣುತ್ತಿತ್ತು. ನಾಡಿ ನೋಡಬೇಕು ಅಂತ ಕೈ ಚಾಚಬೇಕೆಂದಿದ್ದೆ. ಕೈ ನನ್ನ ತೊಡೆಯ ಮೇಲೆಯೇ ಇತ್ತು. ಅದು ನನ್ನದಲ್ಲ, ಯಾರೋ ಅಲ್ಲಿ ಇಟ್ಟುಹೋಗಿದ್ದಾರೆ ಅನ್ನಿಸಿತು. ದೂರದಲ್ಲಿ ಯಾರೋ “ಸರಸಾ” ಅಂದರು. ಬರ್ತೀನಿ ಅಂದೆನೋ ಇಲ್ಲವೋ.

ಆಮೇಲೆ ಮುಖದ ಮೇಲೆ ಕಲ್ಲು ಹೊಡೆದ ಹಾಗೆ ಮಳೆ. ತಾರಾಬಾಯಿ ಟಾರ್ಪಾಲನ್ನು ಕಿತ್ತು ಎಸೆದಿದ್ದರು. ನನ್ನ ರಟ್ಟೆ ಹಿಡಿದು ರಸ್ತೆಯ ಕೆಸರಿಗೆ ಎಳೆದುಹಾಕಿದರು, ಕೆನ್ನೆಗೆ ಎರಡು ಹೊಡೆದರು.

“ಉಸಿರಾಡೇ! ಜೋರಾಗಿ ಉಸಿರು ತಗೊಳ್ಳೇ! ನಾರಾಯಣಪ್ಪ, ಬಿಡು ಆ ಚಕ್ರ! ಬಿಡು ಅಂದ್ನಲ್ಲ!”

ಅವನು ಬಿಟ್ಟು ನಿಂತ. ಏನಾಯಿತು ಅಂತ ಅವನಿಗೆ ತಿಳಿಯಲಿಲ್ಲ. ತಾರಾಬಾಯಿ ಹಲಗೆಯ ಮೇಲೆ ಹತ್ತಿ ವೆಂಕಟಮ್ಮನ ತಲೆ ಎತ್ತಿ ಹಿಡಿದು, ಬಾಯಿಯ ಹತ್ತಿರ ಕಿವಿಯಿಟ್ಟರು. ನಾನು ಕೆಸರಿನಲ್ಲಿ ಕೂತು ವಾಂತಿ ಮಾಡಿಕೊಳ್ಳುತ್ತ ಅವರ ಮುಖವನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತು ಹಾಗಿದ್ದರೋ. ಮಳೆಯಲ್ಲಿ ನೆನೆಯುತ್ತ ವೆಂಕಟಮ್ಮ ಒಮ್ಮೆ ಕೆಮ್ಮಿದಳು, ಮತ್ತೆ ಕೆಮ್ಮಿದಳು. ತಾರಾಬಾಯಿ ಕಣ್ಣು ಮುಚ್ಚಿ ತೆರೆದರು.

ಪೈಪಿನ ಜೋಡಣೆಯ ಹತ್ತಿರ ಬಟ್ಟೆ ಸರಿದು, ಟ್ಯೂಬು ಬಿರುಕು ಬಿಟ್ಟಿತ್ತು. ಅದು ನನ್ನ ಮೊಣಕೈಯ ಪಕ್ಕವೇ ಇತ್ತು. ಓಡುವ ಎಂಜಿನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದ ವಿಷದ ಗ್ಯಾಸನ್ನು, ನಿಂತ ಕಾರಿನಲ್ಲಿ ಚಕ್ರದ ಗಾಳಿ ಹೊರಕ್ಕೆ ತಳ್ಳಿ ಟಾರ್ಪಾಲಿನ ಒಳಗೆ ತುಂಬಿಸಿತ್ತು.

ತಾರಾಬಾಯಿ ಒಲೆಯ ಬೂದಿ ಬಾಗಿಲು ತೆಗೆದು, ಕಬ್ಬಿಣದ ಸಲಾಕೆಯಿಂದ ಕೆಂಡವನ್ನೆಲ್ಲ ರಸ್ತೆಗೆ ಗೋರಿದರು. ಮಳೆಯಲ್ಲಿ ಅದು ಚುರ್ರೆಂದು ಹೊಗೆಯಾಡಿತು. ಪೆಟ್ರೋಲಿನ ನಲ್ಲಿ ತಿರುಗಿಸಿದರು. ಪುಟ್ಟ ಟ್ಯಾಂಕಿನ ಮುಚ್ಚಳ ತೆಗೆದು ಒಂದು ಕಡ್ಡಿ ಅದ್ದಿ ನೋಡಿದರು. ಕಡ್ಡಿಯ ತುದಿ ಮಾತ್ರ ಒದ್ದೆಯಾಗಿತ್ತು.

“ಸಾಕಾಗುತ್ತಾ ಅಮ್ಮಾ?” ಅಂದೆ.

“ಗೊತ್ತಿಲ್ಲ. ನೀನು ಮುಂದೆ ಬಾ, ಅವಳ ಕಾಲ ಹತ್ತಿರ ಕೂತ್ಕೋ. ಮಾತಾಡ್ತಾ ಇರು. ಇಬ್ಬರೂ ಮಲಗಬಾರದು.”

ನಾರಾಯಣಪ್ಪ ಹ್ಯಾಂಡಲ್ ಹೊಡೆದ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಎಂಜಿನ್ನು ಹತ್ತಿಕೊಂಡಿತು. ಎಷ್ಟೋ ದಿನಗಳ ಮೇಲೆ ಪೆಟ್ರೋಲಿನ ರುಚಿ ಕಂಡ ಆ ಕಾರು ಹೇಗೆ ನುಗ್ಗಿತು ಅಂದರೆ, ನನ್ನ ಕುತ್ತಿಗೆ ಹಿಂದಕ್ಕೆ ಬಿತ್ತು. ಅಂಥ ವೇಗವನ್ನು ನಾನು ಆಮೇಲೆ ಎಂದೂ ಕಾಣಲಿಲ್ಲ. ನೀರು ಎರಡೂ ಕಡೆ ರೆಕ್ಕೆಯ ಹಾಗೆ ಹಾರುತ್ತಿತ್ತು. ಮುಂದೆ ಗಾಡಿಗಳು ಸದ್ದು ಕೇಳಿಯೇ ಹೊಲಕ್ಕೆ ಇಳಿದು ನಿಲ್ಲುತ್ತಿದ್ದವು. ತಿರುವಿನಲ್ಲಿ ಒಂದು ಕಡೆಯ ಚಕ್ರಗಳು ನೆಲ ಬಿಟ್ಟವು, ಸುಳ್ಳಲ್ಲ. ಮೆಟ್ಟಿಲ ಮೇಲಿದ್ದ ನಾರಾಯಣಪ್ಪ ಆ ಕಡೆಗೇ ಭಾರ ಹಾಕಿ ಜೋತುಬಿದ್ದ. ಚಕ್ರ ಮತ್ತೆ ನೆಲಕ್ಕೆ ಬಡಿಯಿತು.

“ನಿನ್ನ ತೌರು ಯಾವುದಮ್ಮ? ತೌರಲ್ಲಿ ಯಾರ್‍ಯಾರಿದ್ದಾರೆ?” ಅಂತ ನಾನು ವೆಂಕಟಮ್ಮನ ಪಾದ ತಿಕ್ಕುತ್ತ ಕೇಳುತ್ತಲೇ ಇದ್ದೆ. ಅವಳು ಒಂದೊಂದು ಸಲ “ಊಂ” ಅನ್ನುತ್ತಿದ್ದಳು. ಆ ಊಂ ಕೇಳದಿದ್ದಾಗ ಪಾದವನ್ನು ಇನ್ನೂ ಜೋರಾಗಿ ತಿಕ್ಕುತ್ತಿದ್ದೆ.

ಕೋಲಾರದ ಬೆಟ್ಟ ಹತ್ತಿರ ಕಂಡಿತು. ಕೆರೆ ಏರಿಯ ಹತ್ತಿರ ಎಂಜಿನ್ನು ಬಿಕ್ಕಿತು. ತಾರಾಬಾಯಿ ಸ್ಟೇರಿಂಗಿಗೆ ಮುಷ್ಟಿಯಿಂದ ಗುದ್ದಿದರು. ಇನ್ನೊಂದು ಸಲ ಬಿಕ್ಕಿ ನಿಂತಿತು. ಮಳೆ ಸಣ್ಣಗಾಗಿತ್ತು. ಏರಿಯ ಕೆಳಗೆ ಬಟ್ಟೆ ಗಂಟು ಕಟ್ಟುತ್ತಿದ್ದ ಅಗಸರು ನಮ್ಮನ್ನು ನೋಡುತ್ತಿದ್ದರು.

“ಬನ್ರಪ್ಪಾ! ಹೆಣ್ಣು ಜೀವ ಇದೆ, ಬನ್ನಿ!” ತಾರಾಬಾಯಿ ಕೂಗಿದ್ದು ಅಳುವಿನ ಹಾಗಿತ್ತು.

ಅವರು ಗಂಟು ಬಿಸಾಕಿ ಓಡಿಬಂದರು. ಬಸ್ಸೋ ಲಾರಿಯೋ ಆಗಿದ್ದರೆ ಅಲ್ಲೇ ಉಳಿಯುತ್ತಿದ್ದೆವು. ಇದು ಹಗುರ ಕಾರು. ಐದಾರು ಜನ ಕೈ ಹಾಕಿದ್ದೇ ತಡ, ಉರುಳತೊಡಗಿತು. ತಾರಾಬಾಯಿ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಪಕ್ಕದಲ್ಲಿ ತಾವೂ ತಳ್ಳುತ್ತ ಓಡಿದರು, ಕೆಸರು ಮೆತ್ತಿದ ಸೀರೆ ಮೊಣಕಾಲಿಗೆ ಸುತ್ತಿಕೊಂಡು. ದೊಡ್ಡ ಆಸ್ಪತ್ರೆಯ ಗೇಟಿನೊಳಗೆ ನಾವು ಹೋದದ್ದು ಹಾಗೆ. ಅಲ್ಲಿನವರು ಒಂದು ಮಾತೂ ಕೇಳದೆ ಸ್ಟ್ರೆಚರು ತಂದರು.

ವೆಂಕಟಮ್ಮ ಉಳಿದಳು. ಮಗು ಉಳಿಯಲಿಲ್ಲ. ಗಂಡು ಮಗು.

ಮಾರನೆಯ ದಿನ ಬೆಳಿಗ್ಗೆ ಆಸ್ಪತ್ರೆಯ ವರಾಂಡದಲ್ಲಿ ನಾನೂ ತಾರಾಬಾಯಿಯೂ ಕೂತಿದ್ದೆವು. ನಾರಾಯಣಪ್ಪ ಬಂದು ಕಂಬಕ್ಕೆ ಒರಗಿ ನಿಂತ. ತಲೆ ಬಗ್ಗಿಸಿ, ತನ್ನ ಅಂಗೈಯನ್ನೇ ನೋಡಿಕೊಂಡು ಕೇಳಿದ.

“ಡಾಕ್ಟ್ರಮ್ಮಾ, ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ನಾನು ಆ ಚಕ್ರ ತಿರುಗಿಸಿದ್ದಕ್ಕಾ ಬಿಡ್ಡ ಹೋಗಿದ್ದು?”

ನಾನು ಅವರ ಕಡೆ ತಿರುಗಿದೆ. ತಾರಾಬಾಯಿ ತಡೆಯಲೇ ಇಲ್ಲ.

“ಇಲ್ಲಪ್ಪ. ಅದು ರಾಯಲ್ಪಾಡಿನಲ್ಲೇ ಸೋತುಹೋಗಿತ್ತು. ನಾನು ಬರೋಕೆ ಮುಂಚೆಯೇ. ಆ ಚಕ್ರ ತಿರುಗಿಸು ಅಂದಿದ್ದು ನಾನು. ನೀನು ನಿನ್ನ ಹೆಂಡತಿಯನ್ನ ಉಳಿಸಿಕೊಂಡಿದ್ದೀಯ. ಹೋಗು, ಅವಳ ಹತ್ತಿರ ಕೂತ್ಕೋ.”

ಅವನು ಅವರ ಕಾಲು ಮುಟ್ಟಲು ಬಂದ. ಅವರು ಎದ್ದು ಆ ಕಡೆಗೆ ನಡೆದುಬಿಟ್ಟರು.

ರಸೂಲ್ ಸಾಬರು ಸುದ್ದಿ ಕೇಳಿ ಮುಳಬಾಗಿಲಿನಿಂದ ಬಂದರು. ಬಿರುಕುಬಿಟ್ಟ ಟ್ಯೂಬನ್ನು ಕೈಯಲ್ಲಿ ಹಿಡಿದು ಕಾರಿನ ಪಕ್ಕ ಕೂತರು. ಅವರು ಮಾತಾಡದೆ ಕೂತದ್ದನ್ನು ನಾನು ಕಂಡದ್ದು ಆ ದಿನ ಮಾತ್ರ. ತಾರಾಬಾಯಿ ಅವರಿಗೆ, “ಒಲೆ ಕಿತ್ತುಹಾಕಿ. ಕಾರು ಯಾರಾದ್ರೂ ಕೇಳಿದ್ರೆ ಕೊಟ್ಟುಬಿಡಿ” ಅಂದರು. ಅವರು ಕಾರನ್ನು ತಮ್ಮ ಶೆಡ್ಡಿಗೆ ಎಳೆಸಿಕೊಂಡು ಹೋದರು.

ಕೆಲವು ದಿನಗಳ ಮೇಲೆ ನಾವು ವೆಂಕಟಮ್ಮನನ್ನು ನೋಡಲು ಹೋದೆವು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಾರಾಬಾಯಿ ತಲೆ ಸವರಿದಾಗ ತಿರುಗಿ ನೋಡಿದಳು. ಕಣ್ಣು ಒಣಗಿತ್ತು. ನಿಧಾನವಾಗಿ ಕೇಳಿದಳು.

“ಆ ಬಂಡಿ ಇದೆಯಾ ಅಮ್ಮಾ?”

“ಯಾಕಮ್ಮ?”

“ನಮ್ಮ ನಾದಿನಿ ಇದ್ದಾಳೆ. ಆಷಾಢದಲ್ಲಿ ಅವಳ ಹೆರಿಗೆ. ನಮ್ಮತ್ತೆ ಹೆದರ್ಕೊಂಡು ನಿಮಗೆ ಹೇಳಿ ಕಳಿಸಲ್ಲ. ನೀವೇ ಬನ್ನಿ. ಬಂಡಿ ತಗೊಂಡು ಬನ್ನಿ.” ಸ್ವಲ್ಪ ತಡೆದು ಹೇಳಿದಳು, “ಎತ್ತಿನ ಗಾಡಿ ಕಟ್ಕೊಂಡು ಬಂದಿದ್ರೆ ನಾನೂ ಉಳೀತಿರಲಿಲ್ಲ ಅಲ್ವಾ?”

ತಾರಾಬಾಯಿ ಅವಳ ಹೊದಿಕೆ ಸರಿಮಾಡಿದರು. ಹೊರಗೆ ಬಂದು, ಮುಳಬಾಗಿಲಿನ ಬಸ್ಸು ಎಷ್ಟು ಹೊತ್ತಿಗೆ ಅಂತ ವಿಚಾರಿಸಿದರು.

ಮದ್ರಾಸಿನಿಂದ ತಾಮ್ರದ ಕೊಳವೆ ಬರುವವರೆಗೆ ಕಾರು ಶೆಡ್ಡಿನಿಂದ ಹೊರಗೆ ಬರಲಿಲ್ಲ. ಈ ಸಲ ಕಾದೆವು. ಜೋಡಣೆಯನ್ನು ಹಲಗೆಯಿಂದ ದೂರ, ಕಾರಿನ ಹೊರಮೈಗೆ ಸರಿಸಿದರು. ಒಲೆಯಿಂದ ಗ್ಯಾಸು ಮೇಲಕ್ಕೆ ಹೋಗಲು ಮುಚ್ಚಳದ ಒಂದು ಉದ್ದ ಕೊಳವೆ ಇಟ್ಟರು, ನಿಂತಾಗ ಅದನ್ನು ತೆರೆಯಬೇಕು. ಟಾರ್ಪಾಲನ್ನು ರಸೂಲ್ ಸಾಬರು ಶೆಡ್ಡಿನಲ್ಲೇ ಇಟ್ಟುಕೊಂಡರು, ಎಷ್ಟು ಕೇಳಿದರೂ ಕೊಡಲಿಲ್ಲ. ಪೆಟ್ರೋಲಿನ ಟ್ಯಾಂಕು ಮಾತ್ರ ಸ್ವಲ್ಪ ದೊಡ್ಡದಾಯಿತು. ಆ ವಿಷಯದಲ್ಲಿ ಅವರು ಹೇಳಿದ್ದನ್ನು ಈ ಸಲ ತಾರಾಬಾಯಿ ಕೇಳಿದರು.

ಆಷಾಢದಲ್ಲಿ ಹೇಳಿಕೆ ಬಂತು, ನಾರಾಯಣಪ್ಪನೇ ಬಂದ. ಹೊರಡುವಾಗ ತಾರಾಬಾಯಿ ನನ್ನನ್ನು ನೋಡಿ, “ನಿನಗೆ ಬೇಡ ಅನ್ನಿಸಿದ್ರೆ ಇಲ್ಲೇ ಇರು ಕಣೇ. ತಪ್ಪು ತಿಳಿಯಲ್ಲ” ಅಂದರು. ನನಗೆ ಬೇಡ ಅಂತಲೇ ಅನ್ನಿಸಿತ್ತು. ಆದರೂ ಹತ್ತಿ ಕೂತೆ. ದಾರಿಯುದ್ದಕ್ಕೂ ಸೋನೆ ಮಳೆ. ಕಾರು ನಿಂತಲ್ಲೆಲ್ಲ ಮೂವರೂ ಇಳಿದು ದೂರ ನಿಂತೆವು. ರಾಯಲ್ಪಾಡು ತಲುಪುವಷ್ಟರಲ್ಲಿ ಬಟ್ಟೆಯೆಲ್ಲ ಮೈಗೆ ಅಂಟಿತ್ತು.

ಮನೆಯ ಒಳಗಿನಿಂದ ಕೂಸಿನ ಅಳು ಕೇಳುತ್ತಿತ್ತು. ವೆಂಕಟಮ್ಮ ಹೊಸ್ತಿಲಿನಲ್ಲಿ ನಿಂತಿದ್ದಳು, ಇನ್ನೂ ಬಡಕಲಾಗಿಯೇ, ನಾದಿನಿಯ ಮಗುವನ್ನು ಹಳೆಯ ಸೀರೆಯಲ್ಲಿ ಸುತ್ತಿ ಹಿಡಿದುಕೊಂಡು.

“ತಡವಾಗಿ ಬಂದ್ರಿ ಡಾಕ್ಟ್ರಮ್ಮಾ” ಅಂದಳು.

“ಹೌದಮ್ಮ” ಅಂದರು ತಾರಾಬಾಯಿ. “ಈ ಸಲ ನಿಧಾನವಾಗಿ ಬಂದ್ವಿ.”

ವಾಪಸು ಬರುವಾಗ ನಾವಿಬ್ಬರೇ. ಮಾವಿನ ತೋಪುಗಳ ನಡುವೆ ಕಾರು ಏದುಸಿರು ಬಿಡುತ್ತ ಸಾಗುತ್ತಿತ್ತು. ಎಷ್ಟೋ ದಿನದಿಂದ ಗಂಟಲಲ್ಲಿದ್ದದ್ದನ್ನು ನಾನು ಕೇಳಿಬಿಟ್ಟೆ.

“ಅಮ್ಮಾ, ಅವತ್ತು ಶ್ರೀನಿವಾಸಪುರದಲ್ಲಿ ಎದೆಬಡಿತ ಕೇಳಿಸಿತ್ತಲ್ಲ.”

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

“ಕೇಳಿಸಿತ್ತು. ನಿನಗೂ ಗೊತ್ತು, ನನಗೂ ಗೊತ್ತು. ಅವನಿಗೆ ಬೇಡ.”

ತಾರಾಬಾಯಿ ಹೋಗಿ ಬಹಳ ವರ್ಷಗಳಾದವು. ಕಾರು ಏನಾಯಿತೋ ತಿಳಿಯದು. ನಾರಾಯಣಪ್ಪ ಆಮೇಲೆ ಇಬ್ಬರು ಹೆಣ್ಣುಮಕ್ಕಳ ತಂದೆಯಾಗಿ, ಮೊಮ್ಮಕ್ಕಳನ್ನೂ ಕಂಡು, ಹೋದ ವರ್ಷ ತೀರಿಕೊಂಡನಂತೆ. ವೆಂಕಟಮ್ಮ ಅವನಿಗಿಂತ ಮುಂಚೆಯೇ ಹೋದಳು. ಅವನು ಬದುಕಿರುವವರೆಗೆ ನಾನು ಈ ಮಾತನ್ನು ಯಾರ ಹತ್ತಿರವೂ ಆಡಲಿಲ್ಲ.